ಬಿಡಿಸಿ ಬರೆಯಿರಿ

ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಉದ್ದದ ಪದ ಯಾವುದು ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ನಾನು ಕಲಬುರಗಿಯಲ್ಲಿ ನರ್ಸಿಂಗ್ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಆಳಂದ, ಚಿಂಚೋಳಿ, ಜೇವರ್ಗಿ, ಸುರಪುರದ ಕಡೆಯ ಹುಡುಗಿಯರೇ ಜಾಸ್ತಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಆಮೇಲೆ ಒಮ್ಮೆಲೇ ಅನಾಟಮಿ ಪುಸ್ತಕ ಕೈಗೆ ಬರುತ್ತದೆ. ಒಂದು ಸಾಲಿನಲ್ಲಿ ಮೂರು ಪದ, ಒಂದೊಂದೂ ಗೇಣುದ್ದ. ‘ಮೇಡಂರೀ, ಇದು ಓದ್ಲಕ್ಕೇ ಬರ್ಲತ್ತಿಲ್ರೀ’ ಅನ್ನುವುದು ಮೊದಲ ತಿಂಗಳ ಮಾಮೂಲಿ ಮಾತು.

ಉದ್ದದ ಪದ ಕೇಳಿದವರಿಗೆ ನಾನು 45 ಅಕ್ಷರದ ಆ ಪ್ರಸಿದ್ಧ ಪದವನ್ನೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ನ್ಯೂಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಬರೆದು ಮುಗಿಸುವ ಹೊತ್ತಿಗೆ ಕ್ಲಾಸು ನಗುತ್ತಿರುತ್ತದೆ. ಇದನ್ನು ಯಾವ ಡಾಕ್ಟರೂ ಹುಟ್ಟಿಸಿದ್ದಲ್ಲ. 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಸಭೆಯಲ್ಲಿ ಅದರ ಅಧ್ಯಕ್ಷ ಎವರೆಟ್ ಸ್ಮಿತ್ ಎಂಬಾತ ಕಟ್ಟಿದ್ದು. ಉದ್ದ ಮಾಡಬೇಕೆಂದೇ ಉದ್ದ ಮಾಡಿದ ಪದ. ಆದರೂ ಅರ್ಥ ಮಾತ್ರ ಸಾಚಾ. ನ್ಯೂಮೋನೋ ಎಂದರೆ ಶ್ವಾಸಕೋಶ. ಅಲ್ಟ್ರಾಮೈಕ್ರೋಸ್ಕೋಪಿಕ್ ಎಂದರೆ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣದು. ಸಿಲಿಕೋ ಸಿಲಿಕಾ, ವಾಲ್ಕೇನೋ ಜ್ವಾಲಾಮುಖಿ. ಕೋನಿಸ್ ಎಂದರೆ ಗ್ರೀಕಿನಲ್ಲಿ ಧೂಳು, ಓಸಿಸ್ ಎಂದರೆ ಆ ಸ್ಥಿತಿ, ಆ ರೋಗ. ಒಟ್ಟು ಸೇರಿಸಿದರೆ, ಜ್ವಾಲಾಮುಖಿಯ ಸಿಲಿಕಾ ಧೂಳು ಕುಡಿದು ಬಂದ ಎದೆ ರೋಗ.

ಡಾಕ್ಟರರು ಇದನ್ನು ಸಿಲಿಕೋಸಿಸ್ ಎಂದು ಮುಗಿಸುತ್ತಾರೆ. ಕಲ್ಲು ಒಡೆಯುವವರಿಗೆ, ಕಲ್ಲು ಕೊರೆಯುವವರಿಗೆ ಬರುವ ರೋಗ ಅದು. ನಮ್ಮ ಶಹಾಬಾದಿನ ಫರ್ಸಿ ಸುಣ್ಣದ ಕಲ್ಲು. ಗ್ರಾನೈಟಿನಲ್ಲಿ, ಮರಳುಗಲ್ಲಿನಲ್ಲಿ ಇರುವಷ್ಟು ಸಿಲಿಕಾ ಅದರಲ್ಲಿ ಇರುವುದಿಲ್ಲ. ಆದರೂ ಧೂಳು ಧೂಳೇ ಅಲ್ವಾ? ಕ್ಲಾಸಿನಲ್ಲಿ ಕಲ್ಲಿನ ಕೆಲಸದವರ ಮನೆಯ ಹುಡುಗಿಯರೂ ಇರುತ್ತಾರೆ. ನಗು ನಿಂತು, ‘ನಮ್ ಮಾಮಾಗ ದಮ್ ಅದ ರೀ, ಅದು ಇದೇ ಏನ್ರೀ?’ ಅಂತ ಒಬ್ಬಳು ಕೇಳಿದರೆ ಅಲ್ಲಿಂದ ಪಾಠ ನಿಜವಾಗಿ ಶುರುವಾಗುತ್ತದೆ. ದಮ್ಮಿಗೆ ಬೇರೆ ಬೇರೆ ಕಾರಣ ಇರುತ್ತವೆ, ಅದನ್ನು ಡಾಕ್ಟರರೇ ಪರೀಕ್ಷೆ ಮಾಡಿ ಹೇಳಬೇಕು ಎಂದು ಹೇಳುತ್ತೇನೆ. ಆದರೆ ಆ ಕೊನೆಯ ಚೂರನ್ನು, ಧೂಳಿನ ಆ ಕೋನಿಯೋಸಿಸ್ಸನ್ನು, ಅವಳು ಇನ್ನು ಮರೆಯುವುದಿಲ್ಲ.

ಇಂಗ್ಲಿಷ್ ಪದಗಳ ಅಕ್ಷರ ಎಣಿಸುವ ಆಟಕ್ಕೆ ಕೊನೆಯಿಲ್ಲ. ಫಸೀಷಿಯಸ್ ಎಂಬ ಪದದಲ್ಲಿ ಎ, ಇ, ಐ, ಓ, ಯು ಐದೂ ಸಾಲಾಗಿ ಬರುತ್ತವೆ. ಅರ್ಥ, ಹೊತ್ತುಗೊತ್ತಿಲ್ಲದೆ ತಮಾಷೆ ಮಾಡುವ. ಸಬ್‌ಕಾಂಟಿನೆಂಟಲ್ ಎಂಬ ನಮ್ಮದೇ ಉಪಖಂಡದ ಪದದಲ್ಲಿ ಅವೇ ಐದು ತಿರುವುಮುರುವಾಗಿ ಬರುತ್ತವೆ. ಡರ್ಮಟೋಗ್ಲಿಫಿಕ್ಸ್ ಎಂಬುದರಲ್ಲಿ 15 ಅಕ್ಷರ, ಒಂದೂ ಎರಡನೇ ಸಲ ಬರುವುದಿಲ್ಲ. ಬೆರಳಿನ ಗೆರೆಗಳ ಅಧ್ಯಯನ ಅದು. ಹೆರಾಲ್ಡ್ ಕಮಿನ್ಸ್ 1926ರಲ್ಲಿ ಇಟ್ಟ ಹೆಸರು. ಡರ್ಮ ಎಂದರೆ ಚರ್ಮ, ಗ್ಲಿಫ್ ಎಂದರೆ ಕೆತ್ತನೆ. ಟೈಪಿಂಗ್ ಕಲಿತವರಿಗೆ ಟೈಪ್‌ರೈಟರ್ ಎಂಬ ಪದ ಪೂರ್ತಿ ಮೇಲಿನ ಸಾಲಿನಲ್ಲೇ ಸಿಗುತ್ತದೆ ಎಂಬುದು ಗೊತ್ತೇ ಇರುತ್ತದೆ.

ಮಜಾ ಇದೆ. ಆದರೆ ಬೇಗ ಸಪ್ಪೆ ಆಗುತ್ತದೆ. ಐದು ಸ್ವರ ಸಾಲಾಗಿ ಬಂದರೆ ಬಂತು, ಅದರಿಂದ ಮುಂದಿನ ಪದ ಓದಲು ಸಹಾಯ ಆಗುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಆ ಆಟವೇ ಮಾಯ. ಬರೀ ಉದ್ದದ ಪಂದ್ಯ ಎಂದರೂ ಇಂಗ್ಲಿಷ್ ನಮ್ಮ ಎದುರು ನಿಲ್ಲುವುದಿಲ್ಲ. ವಿಜಯನಗರದ ಕಾಲದ ತಿರುಮಲಾಂಬೆ ತನ್ನ ‘ವರದಾಂಬಿಕಾ ಪರಿಣಯ ಚಂಪೂ’ವಿನಲ್ಲಿ 195 ಅಕ್ಷರದ ಒಂದೇ ಸಂಸ್ಕೃತ ಸಮಾಸ ಬರೆದಿದ್ದಾಳೆ. ಗಿನ್ನೆಸ್ ದಾಖಲೆಗೂ ಹೋಗಿದೆ.

ನನಗೆ ಬೇಕಾದದ್ದು ಬೇರೆ ತರಹದ ಪದಗಳು. ಹತ್ತು ಪದಗಳಲ್ಲಿ ಅವೇ ನಾಲ್ಕು ಅಕ್ಷರ ಮತ್ತೆ ಮತ್ತೆ ಬರುತ್ತವೆ, ಬಂದಲ್ಲೆಲ್ಲ ಅದೇ ಅರ್ಥ ತರುತ್ತವೆ. ಅಂಥವು. ಐಟಿಸ್ ಕಂಡರೆ ಉರಿಯೂತ. ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್, ಹೆಪಟೈಟಿಸ್. ಎಕ್ಟಮಿ ಕಂಡರೆ ಕೊಯ್ದು ತೆಗೆಯುವುದು. ಟೋಮ್ ಎಂದರೆ ಕೊಯ್ಯುವುದು, ಅದೇ ಅಕ್ಷರ ಆಟಮ್‌ನಲ್ಲೂ ಇದೆ. ಕೊಯ್ಯಲು ಬಾರದ್ದು ಆಟಮ್. ಅನಾಟಮಿಯಲ್ಲೂ ಇದೆ, ಕೊಯ್ದು ನೋಡುವ ಶಾಸ್ತ್ರ. ಭೌತಶಾಸ್ತ್ರದ ಪದಕ್ಕೂ ಆಪರೇಷನ್ ಥಿಯೇಟರಿನ ಪದಕ್ಕೂ ಒಂದೇ ಬೇರು ಎಂದಾಗ ಹುಡುಗಿಯರು ಬೋರ್ಡನ್ನು ಎರಡನೇ ಸಲ ನೋಡುತ್ತಾರೆ.

ಈಗ ನಾನು ಹೇಳಬೇಕೆಂದಿದ್ದ ವಿಷಯ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷಿನ ಉದ್ದ ಪದ ಕಷ್ಟ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅವರಿಗೇ ಅದು ಸಲೀಸು ಆಗಬೇಕು. ಯಾಕೆಂದರೆ ಉದ್ದ ಪದ ಮುರಿಯುವುದನ್ನು ಅವರು ಹೈಸ್ಕೂಲಿನಿಂದ ಪರೀಕ್ಷೆಯಲ್ಲಿ ಬರೆದುಕೊಂಡೇ ಬಂದಿದ್ದಾರೆ. ‘ಬಿಡಿಸಿ ಬರೆದು ಸಂಧಿಯ ಹೆಸರು ತಿಳಿಸಿರಿ.’ ನೆನಪಿದೆಯಾ? ಒಂದು ಅಂಕದ ಪ್ರಶ್ನೆ. ಊರಲ್ಲಿ, ಮನೆಯಿಂದ, ಮಳೆಗಾಲ. ಕಣ್ಣು ಮುಚ್ಚಿ ಬರೆಯುತ್ತಿದ್ದರು. ಅದೇ ಕೈಯಲ್ಲಿ ಇಂಗ್ಲಿಷ್ ಪದ ಸಿಕ್ಕರೆ ಇಡೀ ಪದವನ್ನು ಒಂದೇ ಗುಟುಕಿಗೆ ನುಂಗಲು ನೋಡುತ್ತಾರೆ. ಇಲ್ಲೂ ಬಿಡಿಸಬಹುದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ನಡುವಿನ ಉಕಾರ ಹೋಯಿತು, ಲೋಪಸಂಧಿ. ಗ್ಯಾಸ್ಟ್ರೋ ಮತ್ತು ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್. ನಡುವಿನ ಓ ಹೋಯಿತು. ಅದೇ ಸ್ಕೋಪಿ ಸೇರಿದರೆ ಓ ನಿಲ್ಲುತ್ತದೆ, ಗ್ಯಾಸ್ಟ್ರೋಸ್ಕೋಪಿ. ಯಾಕೆ? ಐಟಿಸ್ ಸ್ವರದಿಂದ ಶುರು, ಸ್ಕೋಪಿ ವ್ಯಂಜನದಿಂದ. ಎರಡು ಚೂರಿನ ನಡುವೆ ಬಾಯಿ ತೊಡಕದಿರಲಿ ಎಂದು ಬರುವ ಆ ಓ, ಮನೆಯಿಂದ ಎನ್ನುವಾಗ ನಡುವೆ ನುಸುಳುವ ಯಕಾರದ ಕೆಲಸವನ್ನೇ ಮಾಡುತ್ತದೆ. ಒಂದು ಅಪವಾದ ಇದೆ, ಗ್ಯಾಸ್ಟ್ರೋಎಂಟರೈಟಿಸ್. ಎರಡು ಅಂಗದ ಹೆಸರು ಕೂಡಿದಾಗ ಮುಂದೆ ಸ್ವರ ಇದ್ದರೂ ಓ ಬಿಡುವುದಿಲ್ಲ. ಜಠರವೂ ಕರುಳೂ ಎರಡೂ ಇವೆ ಎಂಬುದು ಮಾಸಬಾರದಲ್ಲ.

ಆದೇಶ ಸಂಧಿ ಇನ್ನೂ ಚಂದ. ಮಳೆ ಮತ್ತು ಕಾಲ ಸೇರಿದರೆ ಕಕಾರ ಹೋಗಿ ಗಕಾರ ಬರುತ್ತದೆ. ಇನ್ ಮತ್ತು ಲೀಗಲ್ ಸೇರಿದರೆ ಇಲ್ಲೀಗಲ್, ಇನ್ ಮತ್ತು ರೆಗ್ಯುಲರ್ ಸೇರಿದರೆ ಇರ್‌ರೆಗ್ಯುಲರ್, ಇನ್ ಮತ್ತು ಪಾಸಿಬಲ್ ಸೇರಿದರೆ ಇಂಪಾಸಿಬಲ್. ಸಿನ್ ಎಂದರೆ ಕೂಡಿ, ಒಟ್ಟಿಗೆ. ಸಿಂಡ್ರೋಮ್ ಎಂದರೆ ಒಟ್ಟಿಗೆ ಓಡುವುದು. ಸಿಂಪ್ಟಮ್ ಎಂದರೆ ಒಟ್ಟಿಗೆ ಬೀಳುವುದು. ಮೊದಲನೆಯದರಲ್ಲಿ ನಕಾರ, ಎರಡನೆಯದರಲ್ಲಿ ಪಕಾರದ ಮುಂದೆ ಅದು ಮಕಾರ. ಸಂತೋಷ, ಸಂಪತ್ತು ಎಂದು ಜೋರಾಗಿ ಹೇಳಿ ನೋಡಿ. ಬರೆಯುವಾಗ ಎರಡಕ್ಕೂ ಒಂದೇ ಸೊನ್ನೆ, ಬಾಯಲ್ಲಿ ಮಾತ್ರ ಒಮ್ಮೆ ನ್, ಒಮ್ಮೆ ಮ್. ತುಟಿ, ನಾಲಗೆಗೆ ಗ್ರೀಕ್ ಯಾವುದು ಕನ್ನಡ ಯಾವುದು ಎಂದು ಗೊತ್ತಾಗುವುದಿಲ್ಲ. ಅಂದಹಾಗೆ ಭಾಷಾಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲೂ ಇದಕ್ಕೆ ಸಂಧಿ ಎಂದೇ ಹೆಸರು. ನಮ್ಮಿಂದಲೇ ಹೋದ ಪದ.

ಕಲಬುರಗಿಯಿಂದ ಸೇಡಂ ದಾರಿ ಹಿಡಿದರೆ ಕಾಗಿಣಾ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ. ಈಗ ಆ ಕಡೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸಿಮೆಂಟ್ ಕಾರ್ಖಾನೆ, ಕೋಟೆ ಆಮೇಲೆ. 9ನೇ ಶತಮಾನದಲ್ಲಿ ಇಲ್ಲಿನ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಲ್ಲಿ ಒಂದು ಎಚ್ಚರಿಕೆ ಇದೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಕಟ್ಟಿ ಸಮಾಸ ಮಾಡಬೇಡಿ, ಅದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಎಂದು. ಇಂಥ ಬೆರಕೆಗೆ ವ್ಯಾಕರಣದಲ್ಲಿ ಅರಿಸಮಾಸ ಎನ್ನುತ್ತಾರೆ. ಶತ್ರುಗಳ ಸಮಾಸ.

ಆ ಲೆಕ್ಕದಲ್ಲಿ ನೋಡಿದರೆ ಆಸ್ಪತ್ರೆ ತುಂಬ ಅರಿಸಮಾಸಗಳೇ. ಟಾನ್ಸಿಲ್ ಲ್ಯಾಟಿನ್, ಎಕ್ಟಮಿ ಗ್ರೀಕ್, ಎರಡೂ ಸೇರಿ ಟಾನ್ಸಿಲೆಕ್ಟಮಿ. ಅಪೆಂಡಿಕ್ಸ್ ಲ್ಯಾಟಿನ್, ಐಟಿಸ್ ಗ್ರೀಕ್. ಹೈಪರ್ ಗ್ರೀಕ್, ಟೆನ್ಶನ್ ಲ್ಯಾಟಿನ್. ಮಕ್ಕಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯೂ ಅಷ್ಟೇ, ಪೆಂಟಾ ಗ್ರೀಕ್, ವೇಲೆಂಟ್ ಲ್ಯಾಟಿನ್. ಐದು ರೋಗಕ್ಕೆ ತಡೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು. ಮನೆಯ ಟೆಲಿವಿಷನ್ ಕೂಡ ಬೆರಕೆಯೇ. ಟೆಲಿ ಗ್ರೀಕ್, ವಿಷನ್ ಲ್ಯಾಟಿನ್. ಇಂಗ್ಲಿಷಿನ ಮಡಿವಂತರೂ ಇಂಥ ಪದಗಳ ಮೇಲೆ ಗೊಣಗಿದ್ದಾರೆ. ಹಾಲು ಒಡೆಯಲಿಲ್ಲ, ಪದಗಳು ಚೆನ್ನಾಗಿಯೇ ಓಡುತ್ತಿವೆ. ನನ್ನ ಕ್ಲಾಸಿನಲ್ಲಿ ಇದೊಂದು ಆಟ. ಪದ ಬಿಡಿಸುವುದು, ಅರಿಸಮಾಸವೋ ಅಲ್ಲವೋ ಹೇಳುವುದು. ಮಳಖೇಡದ ಹತ್ತಿರದ ಹುಡುಗಿಯರು ಇದ್ದರೆ ಜಗಳವೇ ಶುರು, ಯಾಕೆಂದರೆ ನಿಯಮ ಅವರ ಊರಿನದು!

ಹೈಪರ್, ಹೈಪೋ ಎರಡರಲ್ಲೇ ಎಲ್ಲರೂ ಮುಗ್ಗರಿಸುವುದು. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ, ಹೈಪೋಗ್ಲೈಸೀಮಿಯಾ ಎಂದರೆ ಕಡಿಮೆ. ಕಿವಿಗೆ ಒಂದೇ ತರಹ. ಒಂದರಲ್ಲಿ ಇನ್ಸುಲಿನ್ ಬೇಕಾಗಬಹುದು, ಇನ್ನೊಂದರಲ್ಲಿ ತಕ್ಷಣ ಸಕ್ಕರೆ ಕೊಡಬೇಕು. ಅದಲುಬದಲಾದರೆ ಜೀವಕ್ಕೇ ಅಪಾಯ. ಇದಕ್ಕೆ ಕಲಬುರಗಿಯ ಬೀದಿಯಲ್ಲೇ ಮದ್ದಿದೆ. ಹೈಪರ್ ಎಂದರೆ ಊಪರ್. ಸುಮ್ನೆ ಪ್ರಾಸಕ್ಕೆ ಹೇಳುತ್ತಿಲ್ಲ. ಗ್ರೀಕಿನ ಹೈಪರ್, ಸಂಸ್ಕೃತದ ಉಪರಿ ಎರಡೂ ಒಂದೇ ಮೂಲದವು. ಆ ಉಪರಿಯೇ ಹಿಂದಿ, ಉರ್ದು, ದಖನಿಯಲ್ಲಿ ಊಪರ್ ಆಗಿದೆ. ಹೈಪೋ ನಮ್ಮ ಉಪ. ಉಪನದಿ, ಉಪವಿಭಾಗ, ಅಂದರೆ ಕೆಳಗಿನದು. ನಮ್ಮ ಹುಡುಗಿಯರಿಗೆ ದಖನಿ ಮಾತು ಮನೆಯ ಪಕ್ಕದ್ದು. ‘ಶುಗರ್ ಊಪರ್ ಹೋಗ್ಯದ’ ಎಂದರೆ ಹೈಪರ್, ಮುಗೀತು.

ಈ ಕಡೆಯ ಮಾತಿನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಗಿತ್ತು, ಆಮೇಲೆ ಬೀದರ್. ದರಬಾರಿನ ಮಾತು ಪಾರಸಿ. ಹಾಗಾಗಿ ಇಲ್ಲಿ ವಾರದ ಕಂತಿಗೆ ಹಫ್ತಾ. ಪಾರಸಿಯ ಹಫ್ತ್ ಎಂದರೆ ಏಳು. ಸಂಸ್ಕೃತದ ಸಪ್ತ, ಲ್ಯಾಟಿನ್ನಿನ ಸೆಪ್ಟೆಮ್, ಗ್ರೀಕಿನ ಹೆಪ್ಟಾ ಎಲ್ಲ ಒಂದೇ ಮನೆಯವು. ಸಂಸ್ಕೃತ, ಲ್ಯಾಟಿನ್ ಸಕಾರ ಉಳಿಸಿಕೊಂಡವು, ಪಾರಸಿ, ಗ್ರೀಕ್ ಅದನ್ನು ಹಕಾರ ಮಾಡಿಕೊಂಡವು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಅರ್ಧ ಎನ್ನಲು ಹೆಮಿ ಜೊತೆಗೆ ಸೆಮಿಯೂ ಇದೆ. ಒಂದು ಗ್ರೀಕ್ ಬಾಗಿಲಿನಿಂದ ಬಂತು, ಇನ್ನೊಂದು ಲ್ಯಾಟಿನ್ ಬಾಗಿಲಿನಿಂದ. ಹೆಪ್ಟಗನ್ ಎಂದರೆ ಎಷ್ಟು ಮೂಲೆ ಎಂದು ಕೇಳಿದರೆ ಹಫ್ತಾ ಕಟ್ಟುವ ಮನೆಯ ಯಾವ ಹುಡುಗಿಯೂ ತಪ್ಪು ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಅ ಮತ್ತು ಅನ್. ಇಲ್ಲ ಎಂದು ಹೇಳಲು ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್. ಅಯೋಗ್ಯ, ಅಸತ್ಯ. ಅನುಚಿತ, ಅನಂತ. ಗ್ರೀಕಿನಲ್ಲೂ ಅಕ್ಷರಶಃ ಇದೇ ನಿಯಮ. ಉಸಿರು ಇಲ್ಲದ್ದು ಅಪ್ನಿಯಾ, ರಕ್ತ ಇಲ್ಲದ್ದು ಅನೀಮಿಯಾ, ಸ್ಪರ್ಶಜ್ಞಾನ ಇಲ್ಲದ್ದು ಅನಸ್ತೇಶಿಯಾ. ನಮ್ಮ ದುಸ್, ದುರ್ ಅಲ್ಲಿ ಡಿಸ್. ಕರುಳು ಕೆಟ್ಟರೆ ಡಿಸೆಂಟ್ರಿ, ಉಸಿರು ಕಷ್ಟವಾದರೆ ಡಿಸ್ಪ್ನಿಯಾ. ನಮ್ಮ ಪರಿ ಅಲ್ಲಿ ಪೆರಿ. ಹೃದಯದ ಸುತ್ತ ಇರುವ ಚೀಲ ಪೆರಿಕಾರ್ಡಿಯಂ.

ಆದರೆ ಅಕ್ಷರ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಎಂದು ನಂಬಿ ಕೂರಬಾರದು. ಇಲ್ಲಿ ಕನ್ನಡ ಲಿಪಿಯೇ ಕೈಕೊಡುತ್ತದೆ. ಆಂಟಿಬಯಾಟಿಕ್, ಆಂಟಿನೇಟಲ್ ಎರಡನ್ನೂ ಹುಡುಗಿಯರು ನೋಟ್ಸಿನಲ್ಲಿ ಆಂಟಿ ಎಂದೇ ಬರೆದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಕೊನೆಯಲ್ಲಿ ಐ, ಎರಡನೆಯದಕ್ಕೆ ಇ. ಮೊದಲನೆಯದು ಗ್ರೀಕ್, ವಿರುದ್ಧ ಎಂಬ ಅರ್ಥ. ಎರಡನೆಯದು ಲ್ಯಾಟಿನ್, ಮುಂಚೆ ಎಂಬ ಅರ್ಥ. ಆಂಟಿನೇಟಲ್ ವಾರ್ಡ್ ಎಂದರೆ ಹೆರಿಗೆಗೆ ಮುಂಚಿನ ವಾರ್ಡ್. ಒಬ್ಬಳು ಉತ್ತರ ಪತ್ರಿಕೆಯಲ್ಲಿ ‘ಹುಟ್ಟುವುದನ್ನು ವಿರೋಧಿಸುವ ವಾರ್ಡ್’ ಎಂದು ಬರೆದಿದ್ದಳು. ಪಕ್ಕದವಳು ಇನ್ನೂ ಮುಂದೆ ಹೋಗಿ, ಆಂಟಿಯರನ್ನು ಇಡುವ ವಾರ್ಡ್ ಅಂದುಕೊಂಡಿದ್ದಳಂತೆ. ಅವಳ ಊಹೆ ಬಹಳ ದೂರ ಇರಲಿಲ್ಲ ಬಿಡಿ.

ಪೆಡ್ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಪೆಡಲ್, ಪೆಡೆಸ್ಟ್ರಿಯನ್‌ನಲ್ಲಿ ಅದು ಲ್ಯಾಟಿನ್ನಿನ ಕಾಲು, ನಮ್ಮ ಪಾದದ ಜೊತೆಯದು. ಪೀಡಿಯಾಟ್ರಿಕ್ಸ್‌ನಲ್ಲಿ ಗ್ರೀಕಿನ ಮಗು. ಹಾಗಾದರೆ ಆರ್ಥೋಪೆಡಿಕ್? ಕಾಲು ಮುರಿದವರೆಲ್ಲ ಹೋಗುವ ಕಡೆ, ಕಾಲೇ ಇರಬೇಕು ಎನ್ನುತ್ತಾರೆ. ಅಲ್ಲ, ಮಗು. ಆರ್ಥೋ ಎಂದರೆ ನೆಟ್ಟಗೆ. ಮಕ್ಕಳ ಅಂಗಗಳ ಸೊಟ್ಟ ತಿದ್ದುವ ವಿದ್ಯೆಗೆ ಫ್ರಾನ್ಸಿನ ನಿಕೋಲಾ ಆಂದ್ರಿ 1741ರಲ್ಲಿ ಕಟ್ಟಿದ ಪದ ಅದು. ಈಗ ಅಲ್ಲಿ ಎಂಬತ್ತು ವಯಸ್ಸಿನ ಅಜ್ಜಿಯ ಮಂಡಿಯನ್ನೂ ನೋಡುತ್ತಾರೆ, ಹೆಸರಿನಲ್ಲಿ ಮಗು ಹಾಗೇ ಉಳಿದಿದೆ.

ಸ್ಪೆಲ್ಲಿಂಗ್ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಡಯೇರಿಯಾ, ಹೆಮರೇಜ್, ಹೆಮರಾಯ್ಡ್. ಮೂರರಲ್ಲೂ ಎರಡು ಆರ್, ಬೆನ್ನಿಗೆ ಒಂದು ಎಚ್. ಪರೀಕ್ಷೆಯಲ್ಲಿ ಅತಿ ಜಾಸ್ತಿ ಕೆಂಪು ಗೆರೆ ಬೀಳುವುದು ಇಲ್ಲೇ. ಆ ಮೂರು ಅಕ್ಷರ ಕಂಡಲ್ಲಿ ಹೆಚ್ಚಾಗಿ ಹರಿಯುವುದೋ ಒಡೆದು ಚಿಮ್ಮುವುದೋ ಇರುತ್ತದೆ. ಡಯೇರಿಯಾ ಎಂದರೆ ಹಾಯ್ದು ಹರಿಯುವುದು. ಹೆಮರೇಜ್ ಎಂದರೆ ರಕ್ತ ಒಡೆದು ಬರುವುದು. ಗ್ರೀಕಿನಲ್ಲಿ ಪದದ ಮೊದಲಿನ ರಕಾರವನ್ನು ಉಸಿರು ಸೇರಿಸಿ ಹೇಳುತ್ತಿದ್ದರು. ಅದರ ಗುರುತೇ ಆ ಎಚ್. ಸಮಾಸದಲ್ಲಿ ನಡುವೆ ಬಂದರೆ ರಕಾರ ಇಮ್ಮಡಿ ಆಗುತ್ತದೆ. ಇಷ್ಟು ಹೇಳಿದ ಮೇಲೆ ಕೆಂಪು ಗೆರೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನ್ಯೂಮೋನಿಯಾ, ಸೈಕಾಲಜಿಯ ಮೊದಲಿಗೆ ಮೂಕನಾಗಿ ಕೂರುವ ಪಿ ಅಕ್ಷರವೂ ಗ್ರೀಕರದ್ದೇ. ಅವರು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಇಂಗ್ಲಿಷಿನವರಿಗೆ ಬಾಯಿ ಹೊರಳಲಿಲ್ಲ. ಹೆಲಿಕಾಪ್ಟರಿನಲ್ಲಿ ಮಾತ್ರ ಅದು ಕೇಳಿಸುತ್ತದೆ. ಅದನ್ನು ಬಿಡಿಸಬೇಕಾದದ್ದು ಹೆಲಿಕೋ, ಪ್ಟೆರ್ ಎಂದು. ಸುರುಳಿ ತಿರುಗುವ ರೆಕ್ಕೆ.

ವರ್ಷದ ಕೊನೆಗೆ ಒಂದು ಪದ ಕೊಡುತ್ತೇನೆ. ಸ್ಯೂಡೋಸ್ಯೂಡೋಹೈಪೋಪ್ಯಾರಾಥೈರಾಯ್ಡಿಸಂ. 30 ಅಕ್ಷರ. 45ರದ್ದರ ಹಾಗೆ ಆಟಕ್ಕೆ ಕಟ್ಟಿದ್ದಲ್ಲ, ನಿಜವಾದ ಕಾಯಿಲೆಯ ಹೆಸರು. ಥೈರಾಯ್ಡಿನ ಪಕ್ಕದ ಗ್ರಂಥಿ ಪ್ಯಾರಾಥೈರಾಯ್ಡ್. ಅದರ ಹಾರ್ಮೋನು ಕಡಿಮೆಯಾದರೆ ಹೈಪೋ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಹಾರ್ಮೋನು ಇದ್ದೂ ದೇಹ ಅದರ ಮಾತು ಕೇಳದಿದ್ದರೆ ಸ್ಯೂಡೋ, ಅಂದರೆ ಹುಸಿ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1942ರಲ್ಲಿ ಇದನ್ನು ವಿವರಿಸಿದ. ಗಿಡ್ಡ ಮೈಕಟ್ಟು, ಗಿಡ್ಡ ಬೆರಳು ಇರುತ್ತವೆ. ಹತ್ತು ವರ್ಷದ ಮೇಲೆ, 1952ರಲ್ಲಿ, ಅದೇ ಮೈಕಟ್ಟು, ಅದೇ ಬೆರಳು ಇದ್ದೂ ಕ್ಯಾಲ್ಸಿಯಂ ಸರಿ ಇರುವವರ ಬಗ್ಗೆ ಬರೆದ. ಹುಸಿಯ ಹಾಗೆ ಕಾಣುವ ಹುಸಿ. ಏನೂ ಮುಲಾಜಿಲ್ಲದೆ ಮುಂದೆ ಇನ್ನೊಂದು ಸ್ಯೂಡೋ ಅಂಟಿಸಿದ. ಚಿಂಚೋಳಿ ಕಡೆಯ ಒಬ್ಬಳು ಬೋರ್ಡಿಗೆ ಬಂದು ನಡುನಡುವೆ ಅಡ್ಡಗೆರೆ ಹಾಕಿ, ಕೆಳಗೆ ‘ಸುಳ್ಳು, ಸುಳ್ಳು, ಕಮ್ಮಿ, ಬಾಜೂ, ಥೈರಾಯ್ಡ್, ರೋಗ’ ಎಂದು ಬರೆದಳು. ಬಾಜೂ ಎಂದರೆ ಪಕ್ಕ. ಪ್ಯಾರಾಕ್ಕೆ ಅದಕ್ಕಿಂತ ಸರಿಯಾದ ಮಾತು ನನಗೂ ಹೊಳೆದಿರಲಿಲ್ಲ.

ನನಗೆ ತಲೆನೋವು ಬರುವುದು ಬೇರೆ ಕಡೆ. ಸ್ಫಿಗ್ಮೋಮ್ಯಾನೋಮೀಟರ್ ಎಂಬ 16 ಅಕ್ಷರದ ಬಿಪಿ ಮಷೀನನ್ನು ಸಲೀಸಾಗಿ ಬಿಡಿಸುವ ಹುಡುಗಿಯರು ಪುಟ್, ಗೆಟ್, ಸೆಟ್ ಬಂದ ಕೂಡಲೇ ನಿಂತುಬಿಡುತ್ತಾರೆ. ಪುಟ್ ಆಫ್ ಎಂದರೆ ಮುಂದೂಡು, ಪುಟ್ ಅಪ್ ವಿತ್ ಎಂದರೆ ಸಹಿಸು, ಪುಟ್ ಡೌನ್ ಎಂದರೆ ಕೆಳಗಿಡು, ಅವಮಾನ ಮಾಡು, ಸಾಕುಪ್ರಾಣಿಗೆ ಇಂಜೆಕ್ಷನ್ ಕೊಟ್ಟು ಸಾಯಿಸು. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಸೆಟ್ ಎಂಬ ಮೂರಕ್ಷರಕ್ಕೆ 430 ಅರ್ಥ ಕೊಟ್ಟಿದ್ದಾರೆ. ಇದನ್ನು ಎಲ್ಲಿ ಮುರಿಯೋಣ? ಬೇರು ಹಿಡಿದು ಎಳೆಯೋಣ ಎಂದರೆ ಒಳಗೆ ಚೂರೇ ಇಲ್ಲ. ಹಾಗಾಗಿ ಅವನ್ನು ವಾರ್ಡಿನ ವಾಕ್ಯಗಳಲ್ಲಿ ಇಟ್ಟು ಬಾಯಿಪಾಠ ಮಾಡಿಸುತ್ತೇನೆ. ಮಾಸ್ಕ್ ಹಾಕಿಕೊಳ್ಳಿ ಅನ್ನುವುದಕ್ಕೆ ಒಂದು, ಡ್ರಿಪ್ ಹಚ್ಚಿ ಅನ್ನುವುದಕ್ಕೆ ಒಂದು, ಲೈಟ್ ಆರಿಸಿ ಅನ್ನುವುದಕ್ಕೆ ಇನ್ನೊಂದು. ಈ ಸಲದ ಬ್ಯಾಚು ಪುಟ್ ಮುಗಿಸಿ ಟೇಕ್‌ಗೆ ಬಂದಿದೆ. ಗೆಟ್ ಇನ್ನೂ ಬಾಕಿ ಇದೆ.